ತೋಟದ ಬಂಗಲೆಯಿಂದ ಬಂದ ನಾಲ್ಕು ಬಕೆಟ್ ಕುರ್ಚಿ: ಯಾವ ಕಾಲದವು ಅಂತ ಹೇಗೆ ಹೇಳೋದು?

ಕಾವುಕೋಳಿ, ಹಾಸನ

ಎಲ್ಲರಿಗೂ ನಮಸ್ಕಾರ. ಮರದ ಸಾಮಾನಾದರೆ ನಾನೇ ಒಂದಿಷ್ಟು ಹೇಳಬಲ್ಲೆ. ಬೀಟೆ ಯಾವುದು, ತೇಗ ಯಾವುದು ಅಂತ ಗೊತ್ತಾಗುವಷ್ಟು ತೋಟದ ಮನೆಗಳಲ್ಲಿ ಓಡಾಡಿದ್ದೇನೆ. ಈ ಪ್ಲಾಸ್ಟಿಕ್ಕೋ ಫೈಬರ್ರೋ ಕುರ್ಚಿಗಳ ವಿಷಯ ಮಾತ್ರ ತಲೆಗೆ ಹತ್ತುತ್ತಿಲ್ಲ.

ನಮ್ಮ ದೊಡ್ಡಪ್ಪ ಮೂಡಿಗೆರೆ ಕಡೆಯ ಒಂದು ಕಾಫಿ ತೋಟದಲ್ಲಿ ರೈಟರ್, ಅಂದರೆ ಲೆಕ್ಕಪತ್ರ ನೋಡುವ ಗುಮಾಸ್ತ, ಆಗಿದ್ದವರು. 1975ರಲ್ಲಿ ಸೇರಿ ಅಲ್ಲೇ ರಿಟೈರ್ ಆದರು. ಹೋದ ವರ್ಷ ಆ ಬಂಗಲೆಯನ್ನು ಹೋಂಸ್ಟೇ ಮಾಡುವಾಗ ಒಳಗಿದ್ದ ಹಳೇ ಸಾಮಾನೆಲ್ಲ ಅಂಗಳಕ್ಕೆ ಬಂತು. ಬೀಟೆ ಮಂಚ, ಗಾಜಿನ ಬೀರು ಎಲ್ಲ ನೆಂಟರಿಷ್ಟರ ಪಾಲಾದವು. ಕೊನೆಗೆ ಯಾರಿಗೂ ಬೇಡವಾಗಿ ಉಳಿದ ನಾಲ್ಕು ಬಕೆಟ್ ಕುರ್ಚಿಗಳನ್ನು "ರೈಟ್ರೇ, ಇದನ್ನ ನೀವೇ ತಗೊಂಡು ಹೋಗಿ" ಅಂತ ದೊಡ್ಡಪ್ಪನಿಗೆ ಕೊಟ್ಟರು. ಅವರ ಮನೆಯಲ್ಲಿ ಜಾಗ ಇಲ್ಲ, ಹಾಗಾಗಿ ಪಿಕಪ್‌ನಲ್ಲಿ ಹಾಕಿಸಿ ಹಾಸನಕ್ಕೆ ನಮ್ಮ ಮನೆಗೆ ಕಳಿಸಿದರು.

ಮೊನ್ನೆ ನನ್ನ ತಂಗಿ ಸ್ಟೇಟಸ್‌ಗೆ ಇವುಗಳ ಫೋಟೋ ಹಾಕಿದ್ದೇ ತಡ, ಬೆಂಗಳೂರಿನಿಂದ ಒಬ್ಬರು ಫೋನ್ ಮಾಡಿದರು. ಇವು ಈಮ್ಸ್ ಅನ್ನೋ ಅಮೆರಿಕದ ವಿನ್ಯಾಸಕಾರ ದಂಪತಿಯ ಕುರ್ಚಿ, 1950ರವು, ನಾಲ್ಕಕ್ಕೆ 40,000 ಕೊಡುತ್ತೇನೆ, ನಾಳೆಯೇ ಗಾಡಿ ಕಳಿಸುತ್ತೇನೆ ಅಂದರು. ಅದರಲ್ಲಿ ಬಿಳಿ ಕುರ್ಚಿ ಒಂದಕ್ಕೇ 20,000 ಅಂತೆ. ಈಮ್ಸ್ ದಂಪತಿ ನೆಹರೂ ಕಾಲದಲ್ಲಿ ಇಂಡಿಯಾಕ್ಕೆ ಬಂದಿದ್ದರು, ಅದಕ್ಕೇ ಇಲ್ಲಿ ಇವು ಸಿಗುತ್ತವೆ ಅಂತ ಒಂದು ಕಥೆಯನ್ನೂ ಹೇಳಿದರು. ಅಷ್ಟು ಅವಸರ ನೋಡಿ ನನಗೆ ಅನುಮಾನ ಬಂತು.

ಕುರ್ಚಿಗಳು ಹೀಗಿವೆ. ಎರಡು ಅವಳಿ ಜವಳಿ, ತಿಳಿ ಹಸಿರು, ಕೈ ಇಲ್ಲ. ಕೂರುವ ಕಡೆ ನುಣುಪು, ಕೆಳಗೆ ಕೈಯಾಡಿಸಿದರೆ ತರಿತರಿ. ಸೀಟಿನ ಮೇಲೇ ನಾಲ್ಕು ಬೋಲ್ಟಿನ ತಲೆ ಕಾಣುತ್ತದೆ. ಮೂರನೆಯದಕ್ಕೆ ಕೈ ಇದೆ, ಬೂದಿ ಬಣ್ಣ, ಮೈತುಂಬ ಕೂದಲಿನಂಥ ಎಳೆಗಳು, ನೋಡಿದರೆ ಕೊಳಕು ಅನ್ನಿಸುತ್ತದೆ. ಅದರ ತಳದಲ್ಲಿ ನಾಲ್ಕು ರಬ್ಬರ್ ಗುಂಡಿ, ಒಂದು ಕಿತ್ತು ಬಂದಿದೆ. ಕಾಲು ಕಬ್ಬಿಣದ ಪೈಪಿನದು. ನಾಚಿಕೆ ಬಿಟ್ಟು ಹೇಳುತ್ತೇನೆ, ಅದನ್ನು ಹಿತ್ತಲಿನ ಶೆಡ್ಡಿಗೆ ಹಾಕಿದ್ದೆ, ಈಗ ನಮ್ಮ ಕೋಳಿ ಅದರಲ್ಲೇ ಕಾವಿಗೆ ಕೂತಿದೆ. ನಾಲ್ಕನೆಯದು ಬಿಳಿ, ಥಳಥಳ ಅನ್ನುತ್ತದೆ, ಮರದ ಕಾಲು, ಕಾಲುಗಳ ನಡುವೆ ಕಪ್ಪು ಕಂಬಿಗಳು ಅಡ್ಡಡ್ಡ. ಮೂರು ಮತ್ತು ನಾಲ್ಕು ಎರಡರ ತಳದಲ್ಲೂ ತ್ರಿಕೋನದ ಗುರುತಿದೆ, ಹಾಗಾಗಿ ಒಂದೇ ಕಂಪನಿಯವು ಇರಬೇಕು ಅಂದುಕೊಂಡಿದ್ದೇನೆ.

ಇವು ನಿಜವಾಗಿ ಈಮ್ಸ್ ಹೌದಾ? ಹೌದಾದರೆ ಯಾವ ವರ್ಷದವು? ಗೊತ್ತಿರುವವರು ದಯವಿಟ್ಟು ಹೇಳಿ. ಬರಬೇಕಿದ್ದ ಗಾಡಿಯನ್ನು ಸದ್ಯಕ್ಕೆ ಬೇಡ ಅಂದಿದ್ದೇನೆ.


ಹಳೇಗಂಟು, ಚಿಕ್ಕಮಗಳೂರು

ಗಾಡಿ ಬೇಡ ಅಂದಿದ್ದು ಒಳ್ಳೇದಾಯಿತು ಮಾರಾಯ್ರೇ. ನೀವು ಬರೆದಿದ್ದು ಓದಿದರೆ ನಾಲ್ಕು ಕುರ್ಚಿ ಒಂದೇ ಜಾತಿಯವಲ್ಲ. ಮೂರು ಜಾತಿ. ಮತ್ತೆ, ಆತ ಬೆಲೆ ಕಟ್ಟಿರೋದು ತಲೆಕೆಳಗಾಗಿ ಅಂತ ನನ್ನ ಗುಮಾನಿ.

ಮೊದಲು ಆ ನೆಹರೂ ಕಥೆ. ಈಮ್ಸ್ ಗಂಡ ಹೆಂಡತಿ 1958ರಲ್ಲಿ ಇಂಡಿಯಾಕ್ಕೆ ಬಂದಿದ್ದು ನಿಜ, ಸರ್ಕಾರವೇ ಕರೆಸಿತ್ತು. ಊರೂರು ಸುತ್ತಿ ಒಂದು ವರದಿ ಬರೆದರು, ಅದರಿಂದಲೇ 1961ರಲ್ಲಿ ಅಹಮದಾಬಾದಿನ ವಿನ್ಯಾಸ ಸಂಸ್ಥೆ ಶುರುವಾಯಿತು. ಆ ವರದಿಯಲ್ಲಿ ಅವರು ಮನಸ್ಸು ತುಂಬಿ ಹೊಗಳಿದ್ದು ನಮ್ಮ ಚೊಂಬನ್ನು. ನೀರು ತುಂಬುವ ಮಾಮೂಲಿ ಚೊಂಬು! ಕುರ್ಚಿ ಹಂಚೋಕೆ ಬಂದವರಲ್ಲ ಅವರು. ಹಾಗಾಗಿ ಆ ಕಥೆಯಿಂದ ಮೂಡಿಗೆರೆಯ ಕುರ್ಚಿಗೆ ಯಾವ ಸರ್ಟಿಫಿಕೇಟೂ ಸಿಗಲ್ಲ.

ಈಗ ಕುರ್ಚಿಗೆ ಬರೋಣ. ನ್ಯೂಯಾರ್ಕಿನ ಆಧುನಿಕ ಕಲೆಯ ಮ್ಯೂಸಿಯಂ 1948ರಲ್ಲಿ ಕಡಿಮೆ ಬೆಲೆಯ ಪೀಠೋಪಕರಣಕ್ಕೆ ಅಂತ ಒಂದು ಸ್ಪರ್ಧೆ ಮಾಡಿತ್ತು. ಚಾರ್ಲ್ಸ್ ಮತ್ತು ರೇ ಈಮ್ಸ್ ಅದಕ್ಕೆ ಕಳಿಸಿದ್ದು ತಗಡನ್ನು ಒತ್ತಿ ಮಾಡಿದ ಬೋಗುಣಿ ಥರದ ಸೀಟು. ತಗಡಿನಲ್ಲಿ ಖರ್ಚು ಗಿಟ್ಟಲಿಲ್ಲ, ಮುಟ್ಟಿದರೆ ತಣ್ಣಗೆ ಬೇರೆ. ಅಷ್ಟರಲ್ಲಿ ಯುದ್ಧದಲ್ಲಿ ವಿಮಾನದ ರೇಡಾರ್ ಮುಚ್ಚೋಕೆ ಫೈಬರ್ ಗ್ಲಾಸ್ ಬಳಸಿದ್ದರು. ಕ್ಯಾಲಿಫೋರ್ನಿಯಾದ ಜೆನಿತ್ ಪ್ಲಾಸ್ಟಿಕ್ಸ್ ಅನ್ನೋ ಕಾರ್ಖಾನೆಗೆ ಆ ಕೆಲಸ ಗೊತ್ತಿತ್ತು, ಅವರೇ ಸೀಟು ಒತ್ತಿಕೊಟ್ಟರು, ಹರ್ಮನ್ ಮಿಲ್ಲರ್ ಕಂಪನಿ ಮಾರಿತು. 1950ರಲ್ಲಿ ಅಂಗಡಿಗೆ ಬಂತು.

ನೆನಪಿಡಬೇಕಾದ್ದು "ಒತ್ತಿ" ಅನ್ನೋ ಮಾತು. ಗಂಡು ಹೆಣ್ಣು ಎರಡು ಲೋಹದ ಅಚ್ಚು, ನಡುವೆ ಗಾಜಿನ ನಾರು ಮತ್ತು ಬಣ್ಣ ಕಲೆಸಿದ ರೆಸಿನ್ (ಆಮೇಲೆ ಗಟ್ಟಿಯಾಗುವ ಅಂಟು), ಪ್ರೆಸ್ಸಿನಲ್ಲಿ ಬಿಸಿ ಮಾಡಿ ಅದುಮೋದು. ಎರಡೂ ಕಡೆ ಅಚ್ಚು ಇರೋದರಿಂದ ಎರಡೂ ಕಡೆ ನುಣುಪು. ಬಣ್ಣ ಮೈಯೊಳಗೇ ಇರುತ್ತದೆ. ನಾರಿನ ಎಳೆ ಮೇಲೂ ಕಾಣುತ್ತದೆ, ಕೆಳಗೂ ಕಾಣುತ್ತದೆ.

ನಿಮ್ಮ ಹಸಿರು ಅವಳಿ ಹಾಗಲ್ಲ ನೋಡಿ. ಮೇಲೆ ನುಣುಪು ಕೆಳಗೆ ತರಿ ಅಂದರೆ ಒಂದೇ ಅಚ್ಚು, ಕೈಯಲ್ಲಿ ಮಾಡಿದ್ದು. ಅಚ್ಚಿಗೆ ಮೊದಲು ಜೆಲ್ ಕೋಟ್ ಅನ್ನೋ ಬಣ್ಣದ ಪದರ ಬಳಿದು, ಅದರ ಮೇಲೆ ಗಾಜಿನ ನಾರಿನ ಮ್ಯಾಟ್ ಹಾಸಿ, ಬ್ರಷ್‌ನಲ್ಲಿ ರೆಸಿನ್ ಕುಟ್ಟಿ ಕುಟ್ಟಿ ಕೂರಿಸೋದು. ನಮ್ಮ ಕಡೆ ಆಸ್ಪತ್ರೆಯಲ್ಲಿ, ಬಸ್ ಸ್ಟ್ಯಾಂಡಿನಲ್ಲಿ ಒಂದೇ ಪೈಪಿಗೆ ನಾಲ್ಕೈದು ಸೀಟು ಸಾಲಾಗಿ ಕೂರಿಸಿರುತ್ತಿದ್ದರಲ್ಲ, ಅದೇ ಕೆಲಸ. ಅಂಚಿನಲ್ಲಿ ಎಲ್ಲಾದರೂ ಚಕ್ಕೆ ಎದ್ದಿದ್ದರೆ ನೋಡಿ, ಹಸಿರಿನ ಕೆಳಗೆ ಬೇರೆ ಬಣ್ಣ, ಜೇನುತುಪ್ಪದ ಥರದ್ದು, ಕಂಡರೆ ಕೇಸ್ ಮುಗಿಯಿತು. ಸೀಟಿನ ಮೇಲೆ ಬೋಲ್ಟಿನ ತಲೆ ಇರೋದೂ ಅದನ್ನೇ ಹೇಳುತ್ತದೆ. ಈಮ್ಸ್ ಸೀಟಿಗೆ ಮೇಲಿಂದ ತೂತೇ ಇಲ್ಲ. ತಳಕ್ಕೆ ರಬ್ಬರ್ ಗುಂಡಿ ಅಂಟಿಸಿ, ಆ ಗುಂಡಿಯೊಳಗಿನ ಲೋಹಕ್ಕೆ ಕಾಲು ತಿರುಪುತ್ತಾರೆ. ಅದಕ್ಕೆ ಶಾಕ್ ಮೌಂಟ್ ಅಂತಾರೆ.

ಆ ಬಿಳಿ ಕುರ್ಚಿ ನನಗೆ ಒಂಚೂರೂ ಹಿಡಿಸಲಿಲ್ಲ. ಆ ಬೂದಿ ಕುರ್ಚಿಯ ತಳದ ಗುರುತು ಏನು, ಅಕ್ಷರ ಇದೆಯಾ, ಅಂಚು ಹೇಗಿದೆ, ಇಷ್ಟು ನೋಡಿ ಹೇಳಿ. ಕೋಳಿಯನ್ನು ಎಬ್ಬಿಸಬೇಡಿ.


ಲೇತ್ ಮನೆ, ಹಾಸನ

ನನಗೆ ಈಮ್ಸ್ ಗೀಮ್ಸ್ ಗೊತ್ತಿಲ್ಲ, ಬೋಲ್ಟ್ ಗೊತ್ತು. ಕಿತ್ತು ಬಂದ ರಬ್ಬರ್ ಗುಂಡಿ ಇದೆಯಲ್ಲ, ಅದನ್ನು ತಗೊಂಡು ಯಾವುದಾದರೂ ವರ್ಕ್‌ಶಾಪಿಗೆ ಹೋಗಿ, ತಿರುಪಿನ ಸುತ್ತು ಅಳೆಯುವ ಥ್ರೆಡ್ ಗೇಜ್ ಹಾಕಿಸಿ. ಈಗ ಎಲ್ಲ ಕಡೆ ಸಿಗೋದು ಮೆಟ್ರಿಕ್ ಎಂ6, ಅಂದರೆ 6 ಮಿಮೀ ದಪ್ಪ, ಒಂದು ಸುತ್ತಿಗೆ 1 ಮಿಮೀ. ಅಮೆರಿಕದ್ದು ಕಾಲು ಇಂಚು, ಇಂಚಿಗೆ 20 ಸುತ್ತು. ಎಂ6 ನಟ್ ಕಾಲು ಇಂಚಿನ ಬೋಲ್ಟಿಗೆ ಹೋಗಲ್ಲ. ಕಾಲು ಇಂಚಿನ ನಟ್ ಎಂ6 ಬೋಲ್ಟಿಗೆ ಹಾಕಿದರೆ ಲೊಡಲೊಡ ಅನ್ನುತ್ತದೆ.

ಆದರೆ ಇಂಚಿನ ಥ್ರೆಡ್ ಸಿಕ್ಕಿತು ಅಂತ ಕುಣಿಯಬೇಡಿ. ನಮ್ಮಲ್ಲೂ ಮೊದಲು ಇಂಚೇ ಇದ್ದಿದ್ದು, ಬ್ರಿಟಿಷರ ವಿಟ್‌ವರ್ತ್ ಥ್ರೆಡ್. ಅದರಲ್ಲೂ ಕಾಲು ಇಂಚಿಗೆ 20 ಸುತ್ತೇ! ಹಲ್ಲಿನ ಕೋನ ಮಾತ್ರ ಬೇರೆ, ಅಮೆರಿಕದ್ದು 60 ಡಿಗ್ರಿ, ಬ್ರಿಟಿಷರದ್ದು 55. ಕೈಯಲ್ಲಿ ತಿರುಪಿದರೆ ಒಂದರ ನಟ್ ಇನ್ನೊಂದಕ್ಕೆ ಹೋಗಿಬಿಡುತ್ತದೆ, ನಿಮಗೆ ಗೊತ್ತೂ ಆಗಲ್ಲ. ಮೆಟ್ರಿಕ್ ಅಳತೆಯ ಕಾನೂನು 1956ರಲ್ಲಿ ಬಂದರೂ ಸಣ್ಣ ವರ್ಕ್‌ಶಾಪುಗಳಲ್ಲಿ ಥ್ರೆಡ್ ಕೊರೆಯುವ ಇಂಚಿನ ಟ್ಯಾಪು ಡೈ ಬಹಳ ಕಾಲ ಓಡಿದವು, ನಮ್ಮ ತಂದೆಯವರ ಡಬ್ಬಿಯಲ್ಲಿ ಈಗಲೂ ಇವೆ. ಹಾಗಾಗಿ 1950ರ ಅಮೆರಿಕದ್ದು ಅಂತ ಹೇಳಿದ ಕುರ್ಚಿಯ ಗುಂಡಿಯಲ್ಲಿ ಎಂ6 ಸಿಕ್ಕರೆ ಸುಳ್ಳು ಅಂತ ಹೇಳಬಹುದು. ಇಂಚು ಸಿಕ್ಕರೆ ಸುಳ್ಳಲ್ಲ ಅಂತ ಅಷ್ಟೇ, ನಿಜ ಅಂತಲ್ಲ.

ಇನ್ನೊಂದು. ಪೈಪಿನ ಕಾಲಿನ ವೆಲ್ಡಿಂಗ್ ಫೋಟೋ ಹಾಕಿ. ಕಂಪನಿ ವೆಲ್ಡೋ ನಮ್ಮವರ ವೆಲ್ಡೋ ಒಂದೇ ನೋಟಕ್ಕೆ ಹೇಳುತ್ತೇನೆ.


ಸುಮ್ನೆ ಓದುಗ

ಇಷ್ಟೆಲ್ಲ ಚರ್ಚೆ ಆಯ್ತು, ಕೂತರೆ ಆರಾಮಾಗಿದೆಯಾ ಅಂತ ಒಬ್ಬರೂ ಕೇಳಲಿಲ್ಲವಲ್ಲ.


ಕಾವುಕೋಳಿ, ಹಾಸನ

@ಸುಮ್ನೆ ಓದುಗ, ಬೂದಿ ಕುರ್ಚಿ ಆರಾಮಾಗಿದೆ ಅಂತ ಕೋಳಿ ಹೇಳುತ್ತಿದೆ. ಹಸಿರು ಕುರ್ಚಿಯಲ್ಲಿ ಬೋಲ್ಟ್ ಒತ್ತುತ್ತದೆ.


ಡೈ ಮಾಸ್ಟರ್, ಬೇಲೂರು

ನಾನು ಪ್ಲಾಸ್ಟಿಕ್ ಮೋಲ್ಡಿಂಗ್ ಕೆಲಸದಲ್ಲಿ 18 ವರ್ಷ ಇದ್ದವನು, ಬಿಳಿ ಕುರ್ಚಿ ನನಗೆ ಬಿಡಿ.

ತ್ರಿಕೋನ ಅಂದರಲ್ಲ, ಅದು ಬಾಣಗಳು ಒಂದರ ಹಿಂದೆ ಒಂದು ಸುತ್ತುವ ತ್ರಿಕೋನವಾ? ನಡುವೆ 5 ಅಂತ ಇದೆಯಾ? ಇದ್ದರೆ ಅದು ಪಾಲಿಪ್ರೊಪಿಲೀನ್, ನಾವು ಪಿಪಿ ಅಂತೀವಿ. ಆ ಬಾಣದ ಗುರುತು ಶುರುವಾಗಿದ್ದೇ 1988ರಲ್ಲಿ. ಪಿಪಿ ಅನ್ನೋ ಪದಾರ್ಥ ಬಂದಿದ್ದೇ 1950 ಆದ ಮೇಲೆ. 1950ರಲ್ಲಿ ಅದರಲ್ಲಿ ಕುರ್ಚಿ ಮಾಡೋದು ಹೇಗೆ? ಪಕ್ಕದಲ್ಲಿ ಸಣ್ಣ ಗಡಿಯಾರದ ಥರ ಒಂದು ವೃತ್ತ, ಸುತ್ತ 1ರಿಂದ 12, ನಡುವೆ ಬಾಣ ಇದ್ದರೆ ಇನ್ನೂ ಸುಲಭ. ಅದು ಅಚ್ಚಿನಲ್ಲಿ ಕೂರಿಸುವ ತಾರೀಖಿನ ತುಂಡು. ಬಾಣ ತೋರಿಸೋದು ತಿಂಗಳು, ಬಾಣದ ಎರಡು ಪಕ್ಕ ಇರೋ ಅಂಕಿ ವರ್ಷ. ಕುರ್ಚಿ ತನ್ನ ಜಾತಕ ತಾನೇ ಹೊತ್ತುಕೊಂಡಿರುತ್ತದೆ, ಯಾರೂ ಬಗ್ಗಿ ನೋಡಲ್ಲ ಅಷ್ಟೇ.

ತಳದ ನಡುಮಧ್ಯೆ ಒಂದು ಸಣ್ಣ ಮೊಡವೆ ಇದ್ದರೆ ಅದು ಕರಗಿದ ಪ್ಲಾಸ್ಟಿಕ್ ಅಚ್ಚಿನ ಒಳಗೆ ಹೋದ ಬಾಯಿ. ಒತ್ತಿದ ಫೈಬರ್ ಗ್ಲಾಸಿಗೆ ಅಂಥ ಬಾಯಿ ಇರಲ್ಲ. ಇನ್ನೂ ಅನುಮಾನ ಇದ್ದರೆ ತಳದ ಕಾಣದ ಅಂಚಿನಿಂದ ಉಗುರಿನಷ್ಟು ಸಿಪ್ಪೆ ಕೆರೆದು ನೀರಿಗೆ ಹಾಕಿ. ಪಿಪಿ ತೇಲುತ್ತದೆ. ಫೈಬರ್ ಗ್ಲಾಸ್ ಮುಳುಗುತ್ತದೆ. ಬಿಸಿ ಸೂಜಿ ಚುಚ್ಚಿ ನೋಡಿ ಅಂತ ಕೆಲವರು ಹೇಳುತ್ತಾರೆ, ಆ ಕೆಲಸ ಮಾಡಬೇಡಿ. ಕುರ್ಚಿಗೆ ತೂತು, ಮೂಗಿಗೆ ಹೊಗೆ.

ಒಂದು ಮಾತು, ಪಿಪಿ ಅಂದ ಕೂಡಲೇ ಕಳಪೆ ಅಂತಲ್ಲ. ಇಂಗ್ಲೆಂಡಿನ ರಾಬಿನ್ ಡೇ 1963ರಲ್ಲಿ ಹಿಲ್ ಕಂಪನಿಗೆ ಮಾಡಿದ ಪಿಪಿ ಕುರ್ಚಿ ಇದೆಯಲ್ಲ, ಶಾಲೆ, ಸಭಾಂಗಣ ಎಲ್ಲ ಕಡೆ ಇರೋದು, ಅಚ್ಚಿನ ಕೆಲಸ ಮಾಡುವವನ ಕಣ್ಣಲ್ಲಿ ಅದು ಈಮ್ಸ್‌ಗಿಂತ ಒಂದು ಕೈ ಮೇಲೆ. ಫೈಬರ್ ಗ್ಲಾಸ್ ಸೀಟನ್ನು ಒತ್ತಿದ ಮೇಲೆ ಅಂಚು ಕತ್ತರಿಸಬೇಕು, ಉಜ್ಜಬೇಕು, ಗುಂಡಿ ಅಂಟಿಸಬೇಕು. ಡೇ ಸೀಟಿನಲ್ಲಿ ಕಾಲು ಕೂರುವ ಜಾಗವೂ ಅಚ್ಚಿನಲ್ಲೇ ಬರುತ್ತದೆ, ಅಂಚು ಕೆಳಕ್ಕೆ ಮಡಚಿಕೊಂಡೇ ಹೊರಗೆ ಬರುತ್ತದೆ. ಇದು ನನ್ನ ಅಭಿಪ್ರಾಯ, ಹಳೇಗಂಟು ಸಾರ್ ಒಪ್ಪಲ್ಲ ಅಂತ ಗೊತ್ತು.


ಹಳೇಗಂಟು, ಚಿಕ್ಕಮಗಳೂರು

ಒಪ್ಪಲ್ಲ. ಪಿಪಿಯಲ್ಲಿ ಆ ಎಳೆ ಎಲ್ಲಿದೆ? ಬೆಳಕಿಗೆ ಹಿಡಿದರೆ ಎಲೆಯ ನರದ ಥರ ಕಾಣೋದು ಎಲ್ಲಿದೆ? ಇರಲಿ, ಆ ಜಗಳ ಇನ್ನೊಂದು ದಿನ.


ತುರಿಕೆ ಅನುಭವಿ, ಸಕಲೇಶಪುರ

ಯಾರೂ ಹೇಳಿಲ್ಲ, ಅದಕ್ಕೇ ನಾನು ಹೇಳುತ್ತೇನೆ. ಮೂರು ವರ್ಷದ ಹಿಂದೆ ಒಂದು ನರ್ಸಿಂಗ್ ಹೋಮಿನವರು ಹಳೇ ಫೈಬರ್ ಸೀಟುಗಳನ್ನು ಗುಜರಿಗೆ ಹಾಕಿದ್ದರು. ನಾನು ಆರು ತಂದು, ಹೊಸದರ ಥರ ಮಾಡುತ್ತೇನೆ ಅಂತ ಗ್ರೈಂಡರಿಗೆ ಉಪ್ಪುಕಾಗದದ ಚಕ್ರ ಹಾಕಿ ಬನಿಯನ್‌ನಲ್ಲೇ ಉಜ್ಜೋಕೆ ಕೂತೆ. ಅವತ್ತು ರಾತ್ರಿ ನಿದ್ದೆ ಇಲ್ಲ. ಕೈ, ಕುತ್ತಿಗೆ ಎಲ್ಲ ನಸುಗುನ್ನಿ ಕಾಯಿ ತಾಗಿದ ಹಾಗೆ. ಬಟ್ಟೆಯನ್ನು ಬೇರೆಯವರ ಬಟ್ಟೆ ಜೊತೆ ಒಗೆದಿದ್ದಕ್ಕೆ ಮನೆಯವರಿಗೂ ತುರಿಕೆ. ನಮ್ಮಾಕೆ ಒಂದು ವಾರ ಮಾತಾಡಿಸಲಿಲ್ಲ.

ಅದು ಗಾಜಿನ ಪುಡಿ ಸ್ವಾಮಿ. ಶ್ವಾಸಕ್ಕೆ ಹೋದರೆ ಒಳ್ಳೇದಲ್ಲ. ಉಜ್ಜಲೇಬೇಕು ಅಂದರೆ ಹೊರಗೆ ಕೂತು, ತುಂಬುತೋಳಿನ ಅಂಗಿ, ಒಳ್ಳೆ ಮಾಸ್ಕ್ ಹಾಕಿ, ನೀರು ಹಾಕಿಕೊಂಡು 400ರ ಮೇಲಿನ ನಯವಾದ ವಾಟರ್ ಪೇಪರಿನಲ್ಲಿ ಕೈಯಲ್ಲೇ ಉಜ್ಜಿ. ಒಣಗಿಸಿ ಕಾರಿನ ವ್ಯಾಕ್ಸ್ ಹಚ್ಚಿದರೆ ಎದ್ದ ನಾರು ಕೂರುತ್ತದೆ, ಬಣ್ಣವೂ ಮೇಲೆ ಬರುತ್ತದೆ. ಬರೀ ಕೊಳೆ ಆದರೆ ಪಾತ್ರೆ ತೊಳೆಯೋ ಸೋಪೇ ಸಾಕು. ಏಷ್ಯನ್ ಪೇಂಟ್ ಹೊಡೆಯೋ ಯೋಚನೆ ಮಾತ್ರ ಬೇಡವೇ ಬೇಡ.


ಕಾವುಕೋಳಿ, ಹಾಸನ

ಎಲ್ಲರಿಗೂ ಥ್ಯಾಂಕ್ಸ್. ಎರಡು ದಿನ ಇದೇ ಕೆಲಸ ಆಯ್ತು.

ಹಸಿರು ಅವಳಿ: ಹಿಂದಿನ ಅಂಚಿನಲ್ಲಿ ಚಕ್ಕೆ ಎದ್ದ ಕಡೆ ಕೆಳಗೆ ಜೇನುತುಪ್ಪದ ಬಣ್ಣವೇ ಇದೆ. ಹಳೇಗಂಟು ಸಾರ್, ನೀವು ನಮ್ಮ ಮನೆಗೆ ಬಂದು ನೋಡಿ ಹೋದ ಹಾಗಿದೆ. ದೊಡ್ಡಪ್ಪನನ್ನು ಕೇಳಿದರೆ "ಅವು ಆಫೀಸಿಗೆ ಅಂತ ನಾನೇ ಹೋಗಿ ಬೆಂಗಳೂರಿನಿಂದ ತಂದಿದ್ದು" ಅಂದರು. ಮೊದಲೇ ಕೇಳಬಹುದಿತ್ತು.

ಬಿಳಿ ಕುರ್ಚಿ: ಬಾಣದ ತ್ರಿಕೋನ, ನಡುವೆ 5. ಗಡಿಯಾರವೂ ಇದೆ, ಬಾಣದ ಪಕ್ಕ 2 ಮತ್ತು 1. ಅಂದರೆ 2021! ಸಿಪ್ಪೆ ತೇಲಿತು. ದೊಡ್ಡಪ್ಪನಿಗೆ ಈ ಕುರ್ಚಿ ನೋಡಿದ ನೆನಪೇ ಇಲ್ಲ. ಹೋಂಸ್ಟೇಯವರಿಗೆ ಫೋನ್ ಮಾಡಿದೆ. ಅವರು ಹೊಸದಾಗಿ ಆನ್‌ಲೈನ್‌ನಲ್ಲಿ ತರಿಸಿದ್ದಂತೆ, ಒಂದು ಕಾಲು ಅಲ್ಲಾಡುತ್ತಿತ್ತು ಅಂತ ಹಳೇ ಸಾಮಾನಿನ ರಾಶಿಗೆ ಎಸೆದಿದ್ದಂತೆ.

ಈಗ ಬೂದಿ ಕುರ್ಚಿ. ಕೋಳಿ ಇರೋದರಿಂದ ಎತ್ತೋ ಹಾಗಿಲ್ಲ. ರಾತ್ರಿ ಕರೆಂಟ್ ಆರಿಸಿ, ಕುರ್ಚಿ ಕೆಳಗೆ ಅಂಗಾತ ಮಲಗಿ, ಟಾರ್ಚ್ ಬಿಟ್ಟೆ. ಬೆನ್ನು ಒರಗುವ ಜಾಗದಲ್ಲಿ ಬೆಳಕು ಆಚೆ ಕಡೆಗೂ ಬಂತು, ಒಳಗೆಲ್ಲ ಎಳೆಗಳು, ದಿಕ್ಕಿಲ್ಲದೆ ಚೆಲ್ಲಿದ ಹುಲ್ಲಿನ ಹಾಗೆ. ಹಗಲಲ್ಲಿ ಕೊಳಕು ಅಂದುಕೊಂಡಿದ್ದು ಇದನ್ನೇ. ತಳವೂ ನುಣುಪು. ಇದರ ತ್ರಿಕೋನ ಬಾಣದ್ದಲ್ಲ, ಬರೀ ಚುಕ್ಕೆಗಳನ್ನು ತ್ರಿಕೋನವಾಗಿ ಜೋಡಿಸಿದ ಹಾಗಿದೆ. ಧೂಳು ಒರೆಸಿದ ಮೇಲೆ ಪಕ್ಕದಲ್ಲಿ ಉಬ್ಬು ಅಕ್ಷರದಲ್ಲಿ ಹರ್ಮನ್ ಮಿಲ್ಲರ್ ಅಂತ ಕಂಡಿತು. ಕಾಗದದ ಲೇಬಲ್ ಇಲ್ಲ. ಅಂಚು ತೆಳ್ಳಗಿದೆ, ಕತ್ತರಿಸಿ ಉಜ್ಜಿದ ಹಾಗೆ. ಕಿತ್ತು ಬಂದ ಗುಂಡಿಗೆ ವರ್ಕ್‌ಶಾಪಿನಲ್ಲಿ ಗೇಜ್ ಹಾಕಿಸಿದೆ, ಇಂಚಿಗೆ 20, 60 ಡಿಗ್ರಿ ಅಂದರು.

ಕಾಲಿನ ಫೋಟೋ ಹಾಕಿದ್ದೇನೆ. ಇದು ಯಾವ ವರ್ಷದ್ದು ಅಂತ ಈಗ ಹೇಳಬಹುದಾ?


ಲೇತ್ ಮನೆ, ಹಾಸನ

ಕಾಲು ನಮ್ಮೂರಿನದ್ದೇ! ಮುಕ್ಕಾಲು ಇಂಚಿನ ಪೈಪು, ನೀರಿನ ಪೈಪು. ಬಗ್ಗಿಸಿದ ಕಡೆ ಚಪ್ಪಟೆಯಾಗಿದೆ, ಮರಳು ತುಂಬಿ ಬಗ್ಗಿಸೋಕೆ ಪುರುಸೊತ್ತಿರಲಿಲ್ಲ ಪಾಪ. ವೆಲ್ಡ್ ಗಟ್ಟಿಯಾಗಿದೆ, ಅಂದ ಇಲ್ಲ.


ಹಳೇಗಂಟು, ಚಿಕ್ಕಮಗಳೂರು

ಕಾವುಕೋಳಿ ಅವರೇ, ನಿಮ್ಮ ಕೋಳಿಗೆ ಒಳ್ಳೆ ಅಭಿರುಚಿ ಇದೆ. ಸೀಟು ಅಸಲಿ ಈಮ್ಸ್. ಬೆಂಗಳೂರಿನವರು 20,000 ಹೇಳಿದ್ದು ನಕಲಿಗೆ, ಅಸಲಿಯನ್ನು ಮಾತೇ ಆಡದೆ ನಾಲ್ಕರ ಲೆಕ್ಕದಲ್ಲಿ ಸೇರಿಸಿಬಿಟ್ಟರು. ಗೊತ್ತಿದ್ದು ಮಾಡಿದರೋ ಗೊತ್ತಿಲ್ಲದೆ ಮಾಡಿದರೋ, ನಿಮಗೇ ಬಿಟ್ಟಿದ್ದು.

ಆದರೆ 1950 ಅಲ್ಲ. ಮೊದಲ ಎರಡು ಮೂರು ವರ್ಷದ ಜೆನಿತ್ ಸೀಟುಗಳ ಅಂಚಿನೊಳಗೆ ಬಲಕ್ಕೆ ಅಂತ ಒಂದು ಹುರಿ ಸೇರಿಸುತ್ತಿದ್ದರು. ಬೆರಳಲ್ಲಿ ಸವರಿದರೆ ಅಂಚು ದಪ್ಪ, ಒಳಗೆ ದಾರ ಇರೋದು ಕಣ್ಣಿಗೇ ಕಾಣುತ್ತದೆ. ರಬ್ಬರ್ ಗುಂಡಿಗಳೂ ಆಗ ದೊಡ್ಡವು. ತಳದಲ್ಲಿ ಜೆನಿತ್ ಹೆಸರಿನ ಚೌಕಳಿ ಲೇಬಲ್. ಬಣ್ಣವೂ ಶುರುವಿನಲ್ಲಿ ಮೂರೇ, ಒಂದು ಆನೆ ಚರ್ಮದ ಬೂದಿ, ಒಂದು ಬೂದಿಗೂ ಮಣ್ಣಿಗೂ ನಡುವಿನದು, ಇನ್ನೊಂದು ಹಳೇ ಕಾಗದದ ಬಿಳಿ. ಬೂದಿ ಇದೆ ಅಂತ ಮೊದಲ ವರ್ಷದ್ದು ಅನ್ನೋ ಹಾಗಿಲ್ಲ, ಬೂದಿ ಆಮೇಲೂ ಬಂದಿದೆ. ಬಣ್ಣ ನೋಡಿ ವರ್ಷ ಹೇಳುವವರನ್ನು ನಾನಂತೂ ನಂಬಲ್ಲ.

ನಿಮ್ಮದಕ್ಕೆ ಹುರಿ ಇಲ್ಲ, ಉಬ್ಬು ಅಕ್ಷರ ಇದೆ, ಹಾಗಾಗಿ ಮೊದಲ ಕಾಲದ್ದಲ್ಲ. ಜೆನಿತ್ ಆದ ಮೇಲೆ ಬೇರೆ ಬೇರೆ ಕಾರ್ಖಾನೆಗಳು ಹರ್ಮನ್ ಮಿಲ್ಲರ್‌ಗೆ ಸೀಟು ಒತ್ತಿಕೊಟ್ಟವು. ತಳದಲ್ಲಿ ಎಸ್ ಅಕ್ಷರ ಇದ್ದರೆ ಸಮ್ಮಿಟ್, ಚುಕ್ಕೆಗಳ ತ್ರಿಕೋನ ಇದ್ದರೆ ಸಿನ್ಸಿನಾಟಿ ಮಿಲಕ್ರಾನ್. ನಿಮ್ಮದು ಎರಡನೆಯದು. ಫೈಬರ್ ಗ್ಲಾಸ್ ಸೀಟು ನಿಂತದ್ದು 1990ರ ಆಸುಪಾಸು, ರೆಸಿನ್ನಿನ ಹೊಗೆ ಕೆಲಸದವರಿಗೂ ಪರಿಸರಕ್ಕೂ ಆಗಲ್ಲ ಅಂತ. ಆಮೇಲೆ ಪಿಪಿಯಲ್ಲಿ ಬಂತು, 2013ರಲ್ಲಿ ಬೇರೆ ವಿಧಾನದಲ್ಲಿ ಮತ್ತೆ ಫೈಬರ್ ಗ್ಲಾಸಿನಲ್ಲೂ ಬಂತು. ಲೇಬಲ್ ಇಲ್ಲದೆ, ಮೂಲ ಕಾಲೂ ಇಲ್ಲದೆ, ಗುರುತು ನೋಡಿ ನಾನು ಹೇಳಬಹುದಾದ್ದು ಇಷ್ಟೇ: ಐವತ್ತರ ದಶಕದ ಶುರುವಿನದಲ್ಲ, ತೊಂಬತ್ತರ ಈಚೆಯದೂ ಅಲ್ಲ.

ಇನ್ನೂ ಹತ್ತಿರ ಬರಬೇಕು ಅಂದರೆ ಕುರ್ಚಿಯನ್ನು ಬಿಟ್ಟು ದೊಡ್ಡಪ್ಪನನ್ನು ಹಿಡಿಯಿರಿ. ಅವರು 1975ರಿಂದ ಅಲ್ಲೇ ಇದ್ದವರಲ್ವಾ. ವರ್ಷ ಕೇಳಬೇಡಿ, ವರ್ಷ ಯಾರಿಗೂ ನೆನಪಿರಲ್ಲ. ಆಗ ಏನೇನು ನಡೆಯುತ್ತಿತ್ತು ಅಂತ ಕೇಳಿ.


ಕಾವುಕೋಳಿ, ಹಾಸನ

ಕೇಳಿದೆ. ಒಂದೂವರೆ ಗಂಟೆ ಮಾತಾಡಿದರು, ಅದರಲ್ಲಿ ಮುಕ್ಕಾಲು ಪಾಲು ಕಾಫಿ ರೇಟು.

ಬೂದಿ ಕುರ್ಚಿ ಅವರು ಕೆಲಸಕ್ಕೆ ಸೇರುವಾಗ ಇರಲಿಲ್ಲ. ಸಾಹುಕಾರರ ಅಳಿಯ ಅಮೆರಿಕದಲ್ಲಿ ಓದು ಮುಗಿಸಿ ವಾಪಸ್ ಬಂದಾಗ ಹಡಗಿನಲ್ಲಿ ಮರದ ಪೆಟ್ಟಿಗೆಗಳು ಬಂದವಂತೆ. ಮಂಗಳೂರಿನಿಂದ ಚಾರ್ಮಾಡಿ ಹತ್ತಿಸಿ ಲಾರಿಯಲ್ಲಿ ತಂದರಂತೆ. ಪುಸ್ತಕ, ಒಂದು ರೆಕಾರ್ಡ್ ಪ್ಲೇಯರ್, ಈ ಕುರ್ಚಿ. ಯಾವಾಗ ಅಂದರೆ "ಆ ಹುಡುಗಿ ಮದುವೆ ಆದ ಮೇಲೆ" ಅಂದರು, ಯಾವ ಹುಡುಗಿ ಅಂತ ಕೇಳಿದರೆ ಮತ್ತೆ ಕಾಫಿ ರೇಟಿಗೆ ಹೋದರು.

ಆಮೇಲೆ ತಾವಾಗೇ ಹೇಳಿದರು. ಇಂದಿರಾ ಗಾಂಧಿ ಚಿಕ್ಕಮಗಳೂರಿನಲ್ಲಿ ಚುನಾವಣೆಗೆ ನಿಂತಾಗ ಬಂಗಲೆಗೆ ದಿನಾ ಜೀಪುಗಳು ಬರುತ್ತಿದ್ದವಂತೆ. ಒಂದು ದಿನ ಪ್ರಚಾರಕ್ಕೆ ಬಂದ ಒಬ್ಬ ದಪ್ಪ ಮನುಷ್ಯ ಈ ಕುರ್ಚಿಯಲ್ಲಿ ಕೂತು, ಹಿಂದಕ್ಕೆ ಒರಗಿ, ಬಾಯಿ ತುಂಬ ಎಲೆ ಅಡಿಕೆ ಹಾಕಿಕೊಂಡು ನಕ್ಕನಂತೆ. ಮಳೆಗೆ ತುಕ್ಕು ಹಿಡಿದಿದ್ದ ತಂತಿಯಂಥ ಕಾಲು ಲಟ್ ಅಂತ ಮುರಿಯಿತು. ಆತ ಬಿದ್ದ, ಎಲ್ಲರೂ ಎತ್ತೋಕೆ ಓಡಿದರು. ದೊಡ್ಡಪ್ಪ ನಗು ತಡೆಯಲಾಗದೆ ಪಲ್ಪಿಂಗ್ ಶೆಡ್ಡಿಗೆ ಹೋಗಿ ನಕ್ಕು ಬಂದರಂತೆ. ಸೀಟಿಗೆ ಏನೂ ಆಗಿರಲಿಲ್ಲ. ಮುಂದಿನ ವಾರ ಅದನ್ನು ಹಾಸನಕ್ಕೆ ಹೋಗುವ ಬಸ್ಸಿನ ಮೇಲೆ ಹಾಕಿ ತಂದು ಪೈಪಿನ ಕಾಲು ಹಾಕಿಸಿದ್ದು ಅವರೇ. ವೆಲ್ಡಿಂಗ್‌ನವರು 12 ರೂಪಾಯಿ ತಗೊಂಡರು, ಸಾಹುಕಾರರು 10 ಕೊಟ್ಟರು. ಆ 2 ರೂಪಾಯಿ ಇನ್ನೂ ಬಾಕಿ ಅಂತ ನೆನಪಿಟ್ಟುಕೊಂಡಿದ್ದಾರೆ.


ಹಳೇಗಂಟು, ಚಿಕ್ಕಮಗಳೂರು

ಆ ಉಪಚುನಾವಣೆ ನಡೆದಿದ್ದು 1978ರ ನವೆಂಬರ್‌ನಲ್ಲಿ. ಅಲ್ಲಿಗೆ ಕಾಲಿನ ಲೆಕ್ಕ ಸಿಕ್ಕಿತು, 1978ರ ಕೊನೆ, ಜಾಸ್ತಿ ಅಂದರೆ 79ರ ಶುರು. ಕುರ್ಚಿ ಬಂದಿದ್ದು 1975ರಿಂದ 78ರ ನಡುವೆ. ಬರುವಾಗಲೇ ಬಳಸಿದ್ದೋ ಹೊಸದೋ ಅಂತ ಇನ್ನು ಯಾರಿಗೂ ಗೊತ್ತಾಗಲ್ಲ, ಆದರೆ ಓದೋಕೆ ಹೋದ ಹುಡುಗ ಅಲ್ಲಿದ್ದಾಗ ಕೊಂಡಿದ್ದು ಅಂದರೆ ಅರವತ್ತರ ಕೊನೆ ಅಥವಾ ಎಪ್ಪತ್ತರ ದಶಕದ ಮೊದಲರ್ಧ ಅಂತ ಇಟ್ಟುಕೊಳ್ಳಬಹುದು. ಈ ಕುರ್ಚಿಗಳಲ್ಲಿ ಯಾವಾಗಲೂ ಹೀಗೇ. ಸೀಟಿಗೆ ಒಂದು ವಯಸ್ಸು, ಕಾಲಿಗೆ ಇನ್ನೊಂದು. ಅಮೆರಿಕದಲ್ಲೂ ಅಷ್ಟೇ, ಒಳ್ಳೆ ಹಳೇ ಸೀಟಿಗೆ ಹೊಸ ಮರದ ಕಾಲು ಹಾಕಿ ಒಟ್ಟಿಗೇ 1950ರದ್ದು ಅಂತ ಮಾರುತ್ತಾರೆ. ತಂತಿಯಂಥ ಕಾಲು ಅಂದರಲ್ಲ, ಅದು ಐಫೆಲ್ ಟವರ್ ಥರ ಕಂಬಿ ಹೆಣೆದ ಮೂಲ ಕಾಲೇ ಇರಬೇಕು.

ಈಗ ಕೆಲಸದ ಮಾತು. ಕಿತ್ತ ಗುಂಡಿಯ ಬದಲು ಸೀಟಿಗೆ ತೂತು ಹೊಡೆದು ಬೋಲ್ಟ್ ಹಾಕಿಸಬೇಡಿ, ಯಾರು ಎಷ್ಟೇ ಹೇಳಿದರೂ. ರಬ್ಬರ್ ಗಟ್ಟಿಯಾಗಿ ಸೀಳಿದ್ದರೆ ಹೊಸ ಗುಂಡಿ ತರಿಸಬೇಕು. ರಬ್ಬರ್ ಇನ್ನೂ ಮೆತ್ತಗಿದ್ದರೆ ಹಳೇ ಅಂಟು ಕೆರೆದು, ಎರಡೂ ಕಡೆ ಸ್ವಲ್ಪ ಒರಟು ಮಾಡಿ, ಸ್ಪಿರಿಟ್‌ನಲ್ಲಿ ಒರೆಸಿ, ಅರಾಲ್ಡೈಟ್ ಹಾಕಿ ಒಂದು ದಿನ ಭಾರ ಇಟ್ಟುಬಿಡಿ. ಬೇಗ ಒಣಗುವುದಲ್ಲ, ನಿಧಾನದ್ದು.


ಲೇತ್ ಮನೆ, ಹಾಸನ

ಅಂಟಿಸುವಾಗ ಪೈಪಿನ ಕಾಲನ್ನು ತಿರುಪಿಕೊಂಡೇ ಅಂಟಿಸಿ, ಇಲ್ಲದಿದ್ದರೆ ಆಮೇಲೆ ತೂತು ಕೂಡಲ್ಲ. ಬೇಕಾದರೆ ನಮ್ಮಲ್ಲಿಗೆ ತನ್ನಿ. ಆ ವೆಲ್ಡ್ ಯಾರದು ಅಂತ ನನಗೆ ಒಂದು ಅನುಮಾನ ಇದೆ, 1978ರಲ್ಲಿ ಹಾಸನದಲ್ಲಿ ಆ ಕೆಲಸ ಮಾಡುತ್ತಿದ್ದವರು ಕೈಬೆರಳೆಣಿಕೆಯಷ್ಟು ಜನ. ನಮ್ಮ ತಂದೆಯವರೇ ಆಗಿದ್ದರೆ ಆ 2 ರೂಪಾಯಿ ತಗೊಂಡು ಬನ್ನಿ.


ಕಾವುಕೋಳಿ, ಹಾಸನ

ತರುತ್ತೇನೆ ಅಣ್ಣ, ಬಡ್ಡಿ ಕೇಳಬೇಡಿ.

ಬೆಂಗಳೂರಿನವರಿಗೆ ಫೋನ್ ಮಾಡಿ ಬಿಳಿ ಕುರ್ಚಿ 2021ರದ್ದು ಅಂತ ಹೇಳಿದೆ. ಪರವಾಗಿಲ್ಲ, ಅದನ್ನೇ ಕೊಡಿ, ಕಸ್ಟಮರ್ ಕೇಳೋದು ಆ ಲುಕ್ಕು ಅಂದರು, ರೇಟು ಮಾತ್ರ 3,000ಕ್ಕೆ ಇಳಿಯಿತು. ಕೊಟ್ಟುಬಿಡುತ್ತೇನೆ. ಬೂದಿ ಕುರ್ಚಿ ಕೊಡಲ್ಲ ಅಂದಾಗ ಆ ಕಡೆಯಿಂದ ಸ್ವಲ್ಪ ಹೊತ್ತು ಮಾತೇ ಇಲ್ಲ.

ಅಂಟಿಸೋ ಕೆಲಸ ಈಗಲೇ ಆಗಲ್ಲ. ಮೊಟ್ಟೆ ಇಟ್ಟು ಕಾವಿಗೆ ಕೂರಿಸಿ 12 ದಿನ ಆಯ್ತು, ಮರಿ ಆಗೋಕೆ ಇನ್ನೂ 9 ದಿನ ಬೇಕು. ಕುರ್ಚಿ ಮೂರೇ ಗುಂಡಿಯ ಮೇಲೆ ನಿಂತಿದೆ, ಸದ್ಯಕ್ಕೆ ಅಡಿಗೆ ಒಂದು ಇಟ್ಟಿಗೆ ಕೊಟ್ಟಿದ್ದೇನೆ.